ಬಿಡುವಿಗೊಂದು ಸಿದ್ಧತೆ

ಕನ್ನಡದಲ್ಲಿ 'ರಜೆ' ಎಂಬ ಮಾತಿದೆ, 'ಬಿಡುವು' ಎಂಬ ಮಾತೂ ಇದೆ. ದಿನಬಳಕೆಯಲ್ಲಿ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಆಡುತ್ತೇವೆ. ಆದರೆ ಅವುಗಳ ಹುಟ್ಟು ಬೇರೆ, ಸ್ವಭಾವವೂ ಬೇರೆ. ರಜೆ ಎಂಬುದು ಅರಬ್ಬಿ ಮೂಲದ ಪದ. ಕಚೇರಿ, ಕಾಗದಪತ್ರಗಳ ಹಾದಿಯಲ್ಲಿ ನಮ್ಮ ಭಾಷೆಗೆ ಬಂದಿತು. ಒಪ್ಪಿಗೆ, ಅನುಮತಿ ಎಂಬುದು ಅದರ ಮೂಲ ಅರ್ಥ. ಆದ್ದರಿಂದ ರಜೆ ಯಾವಾಗಲೂ ಮೇಲಿನವರು ಕೊಡತಕ್ಕದ್ದು, ಕೆಳಗಿನವರು ಅರ್ಜಿ ಹಾಕಿ ಪಡೆಯತಕ್ಕದ್ದು. ಬಿಡುವಾದರೋ ನಮ್ಮದೇ ಆದ 'ಬಿಡು' ಎಂಬ ಧಾತುವಿನಿಂದ ಬಂದದ್ದು. ಅದನ್ನು ಯಾರೂ ಕೊಡುವುದಿಲ್ಲ; ಹಿಡಿದುಕೊಂಡದ್ದನ್ನು ನಾವೇ ಬಿಡಬೇಕು. ರಜೆ ಮಂಜೂರಾದ ಮಾತ್ರಕ್ಕೆ ಬಿಡುವು ದೊರೆಯುತ್ತದೆಂಬ ಭರವಸೆಯಿಲ್ಲ ಎಂಬುದನ್ನು ನೌಕರಿ ಮಾಡಿದವರೆಲ್ಲರೂ ಬಲ್ಲರು.

ನಮ್ಮ ಹಿರಿಯರು ವಿಶ್ರಾಂತಿಯನ್ನು ಹೇಗೆ ಯೋಜಿಸುತ್ತಿದ್ದರು ಎಂದು ಯೋಚಿಸಿದರೆ ಅಚ್ಚರಿಯಾಗುತ್ತದೆ. ಅವರು ಆ ಶಬ್ದವನ್ನೇ ಎತ್ತುತ್ತಿರಲಿಲ್ಲ. ಆದರೆ ಪಂಚಾಂಗದಲ್ಲಿಯೂ ರೂಢಿಯಲ್ಲಿಯೂ ಅದನ್ನು ಹೆಣೆದುಬಿಟ್ಟಿದ್ದರು. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹದ ತಪ್ಪುತ್ತದೆ, ಮಳೆ ಹೋಗುತ್ತದೆ ಎಂದು ಎಷ್ಟೇ ಅವಸರವಿದ್ದರೂ ಆ ದಿನ ಗಳೆ ಕಟ್ಟಿದವನನ್ನು ಊರು ಆಡಿಕೊಳ್ಳುತ್ತಿತ್ತು. ಮಾತು ಬಾರದ ಪ್ರಾಣಿಗೆ ವಾರಕ್ಕೊಂದು ದಿನದ ಬಿಡುವನ್ನು ಹೀಗೆ ದೇವರ ಹೆಸರಿನಲ್ಲಿ ಭದ್ರಪಡಿಸಲಾಗಿತ್ತು. ಮನುಷ್ಯನ ಮಾತು ಬಂದಾಗ ಅಷ್ಟು ಸುಲಭವಾಗಲಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ. ಅದಕ್ಕಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು.

ನಮ್ಮ ಸೀಮೆಯ ಇನ್ನೊಂದು ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ಇಲಾಖೆಗೆ ಟಿಪ್ಪು ಸುಲ್ತಾನ 'ಅಮೃತಮಹಲ್' ಎಂದು ಹೆಸರಿಟ್ಟ. ಸೈನ್ಯದ ಸಾಮಾನು ಹೊರುವ, ಫಿರಂಗಿ ಎಳೆಯುವ ಆ ಎತ್ತುಗಳ ವೇಗ, ಬಲ ಪ್ರಸಿದ್ಧವಾದದ್ದು. ಅವುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ಕಾವಲು ಎಂದು ಹೆಸರು. ಬೇಸಿಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು ಎಂದು ಈ ಕಾವಲುಗಳನ್ನು ವಿಂಗಡಿಸಲಾಗಿತ್ತು. ಮಂದೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗಿದಾಗ ಹಿಂದಿನದರಲ್ಲಿ ಹುಲ್ಲು ಮತ್ತೆ ಚಿಗುರುತ್ತಿತ್ತು. ದನ ಮೇಯುವುದಕ್ಕೂ ಯೋಜನೆ, ನೆಲ ಸುಮ್ಮನಿರುವುದಕ್ಕೂ ಯೋಜನೆ. ಸುಮ್ಮನಿರುವುದು ಸೋಮಾರಿತನವಲ್ಲ, ಮುಂದಿನ ಹುಲ್ಲಿಗೆ ಅದೇ ಬೇರು ಎಂಬ ತಿಳಿವಳಿಕೆ ಆ ಏರ್ಪಾಟಿನಲ್ಲಿತ್ತು.

ಎತ್ತಿಗೆ ಸೋಮವಾರ, ಹುಲ್ಲಿಗೆ ಋತುಮಾನ, ಹೊಟ್ಟೆಗೆ ಏಕಾದಶಿ. ಇವುಗಳ ನಡುವೆ ಮನೆಯ ಹೆಂಗಸಿಗೆ ಏನು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅವಳಿಗೆ ಇದ್ದದ್ದು ತವರು ಒಂದೇ. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುತ್ತಿದ್ದಳು, ಬಾಣಂತನಕ್ಕೆ ಹೋಗುತ್ತಿದ್ದಳು, ಊರ ತೇರಿಗೆ ಹೋಗುತ್ತಿದ್ದಳು. ತಾಯಿ ಇರುವವರೆಗೆ ಆ ಬಾಗಿಲು. ಆಮೇಲೆ ಅದೂ ಇಲ್ಲ. ಏಕಾದಶಿಯ ದಿನ ಕೂಡ ಒಲೆ ಪೂರ್ತಿ ಆರುತ್ತಿರಲಿಲ್ಲ. ಅನ್ನದ ಬದಲು ಅವಲಕ್ಕಿಯೋ ಉಪ್ಪಿಟ್ಟೋ ಆಗಬೇಕಿತ್ತು, ಅಷ್ಟೆ. ಬಿಡುವಿನ ಬಗ್ಗೆ ಏನೇ ಯೋಜನೆ ಮಾಡಿದರೂ ಈ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕೆಂದು ನನ್ನ ಭಾವನೆ. ನಾಲ್ವರು ವಿಶ್ರಾಂತಿಗೆ ಹೊರಟು, ಅವರಲ್ಲಿ ಒಬ್ಬಳು ಎಲ್ಲಿ ಹೋದರೂ ಒಲೆಯ ಮುಂದೆಯೇ ನಿಲ್ಲುವುದಾದರೆ ಅದು ಮೂವರ ವಿಶ್ರಾಂತಿ ಮಾತ್ರ.

ವಿಶ್ರಾಂತಿಗಾಗಿ ಊರು ಬಿಟ್ಟು ಬೆಟ್ಟಕ್ಕೆ ಹೋಗುವ ಪದ್ಧತಿ ನಮ್ಮಲ್ಲಿ ಇತ್ತೀಚಿನದು. ಬೆಟ್ಟಕ್ಕೆ ನಾವು ಹೋಗುತ್ತಿದ್ದುದು ಹರಕೆ ತೀರಿಸುವುದಕ್ಕೆ. ಸೆಕೆ ತಾಳಲಾರದ ಇಂಗ್ಲಿಷ್ ಅಧಿಕಾರಿಗಳು ಬೆಟ್ಟವನ್ನು ಆರೋಗ್ಯಧಾಮವಾಗಿ ಕಂಡರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿಬೆಟ್ಟದ ಮೇಲೆ ಬೇಸಿಗೆಯ ಮನೆ ಮಾಡಿಕೊಂಡಿದ್ದರು. ಇಂದು ಅದೇ ನಂದಿಯ ತಪ್ಪಲಿನಲ್ಲಿ ದ್ರಾಕ್ಷಿತೋಟಗಳ ನಡುವೆ ಅತಿಥಿಗೃಹಗಳಾಗಿವೆ. ಬೆಂಗಳೂರಿನವರು ಶನಿವಾರ ಹೋಗಿ ಚಪ್ಪರದ ಕೆಳಗೆ ಕುಳಿತು ಭಾನುವಾರ ಹಿಂದಿರುಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಯ ಸ್ಥಾನದಲ್ಲಿ ಕಾಫಿ ಇದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ ನಾಡಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಅವರು ತಂದದ್ದು ನಿದ್ರೆಯನ್ನು ಓಡಿಸುವ ಬೀಜ. ಆ ಗಿಡದ ನೆರಳಿಗೆ ಈಗ ಜನ ನಿದ್ರೆಯನ್ನು ಹುಡುಕಿಕೊಂಡು ಬರುತ್ತಿದ್ದಾರೆ!

ಹೆಬ್ಬೆ ಇರುವುದು ಇದೇ ಗಿರಿಶ್ರೇಣಿಯಲ್ಲಿ, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಸಮೀಪದಲ್ಲಿ. ಕಡೂರಿನ ಬಯಲಿನಲ್ಲಿ ಹುಟ್ಟಿ ಬೆಳೆದ ನನ್ನಂಥವನಿಗೆ ಈ ಬೆಟ್ಟಸಾಲು ಪಡುವಣ ದಿಕ್ಕಿನ ನೀಲಿ ಗೆರೆ. ಅಯ್ಯನಕೆರೆ, ಮದಗದ ಕೆರೆಗಳು ಆ ಗೆರೆಯನ್ನೇ ನಂಬಿಕೊಂಡಿವೆ. ಬೆಟ್ಟದಲ್ಲಿ ಮೋಡ ಕಟ್ಟಿತೆಂದರೆ ನಮ್ಮ ಊರಿನಲ್ಲಿ ಬೀಜದ ಗಡಿಗೆಯ ಬಾಯಿ ಬಿಚ್ಚುತ್ತಿದ್ದರು. ಮೂಡಣದ ನೀರು ವೇದಾವತಿಯಾಗಿ ಬಯಲಿಗೆ ಬಂದರೆ, ಹೆಬ್ಬೆಯ ನೀರು ಭದ್ರೆಯ ಕಣಿವೆಗೆ ಇಳಿಯುತ್ತದೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ, ಒಟ್ಟು 168 ಮೀಟರು ಎತ್ತರದಿಂದ ಅದು ಧುಮುಕುತ್ತದೆ.

ಕೆಮ್ಮಣ್ಣುಗುಂಡಿಯ ಚರಿತ್ರೆಯಲ್ಲೊಂದು ವಿಶೇಷವಿದೆ. ಸಮುದ್ರ ಮಟ್ಟದಿಂದ 1434 ಮೀಟರು ಎತ್ತರದಲ್ಲಿರುವ ಈ ತಾಣ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿತ್ತು. ಅದರಿಂದಲೇ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು ಬಂದದ್ದು. ಆದರೆ ಕೆಮ್ಮಣ್ಣಿನ ಗುಂಡಿ ಎಂಬ ಹಳೆಯ ಹೆಸರು ಹೇಳುವುದು ಬೇರೊಂದು ಕಥೆಯನ್ನು. ಆ ಕೆಂಪು ಕಬ್ಬಿಣದ ಅದಿರಿನದು. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಅದಿರು ಹೋದದ್ದು ಈ ಬೆಟ್ಟದಿಂದ. ತೂಗುತಂತಿಯ ಮೇಲೆ ತೊಟ್ಟಿಲುಗಳು ಅದಿರು ತುಂಬಿಕೊಂಡು ಕಣಿವೆಗೆ ಇಳಿಯುತ್ತಿದ್ದವು. ಒಂದೇ ಬೆಟ್ಟದಲ್ಲಿ ಒಂದು ಕಡೆ ಹೂದೋಟ, ಇನ್ನೊಂದು ಕಡೆ ಗಣಿ. ಒಬ್ಬರು ದಣಿವಾರಿಸಿಕೊಳ್ಳುವ ತಾಣ ಇನ್ನೊಬ್ಬರು ದಣಿಯುವ ತಾಣವೂ ಆಗಿರುತ್ತದೆ. ಹೆಬ್ಬೆಯ ಸುತ್ತಿನ ಕಾಫಿತೋಟಗಳಲ್ಲಿಯೂ ಇದೇ ಮಾತು ಇನ್ನೊಂದು ರೀತಿಯಲ್ಲಿ ನನ್ನ ಅನುಭವಕ್ಕೆ ಬಂದಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಈ ವಿಷಯ ಚರ್ಚೆಗೆ ಬಂದದ್ದು ಮಗಳ ದೆಸೆಯಿಂದ. ಅವಳು ಬೆಂಗಳೂರಿನಲ್ಲಿ ಹೊರದೇಶದ ಸಂಸ್ಥೆಯೊಂದರ ಕೆಲಸದಲ್ಲಿದ್ದಾಳೆ. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಆದ್ದರಿಂದ ಅವಳ ರಾತ್ರಿಯೇ ಹಗಲು. ಹಗಲು ಗಣಕಯಂತ್ರ, ಇರುಳು ಗಣಕಯಂತ್ರ, ನಡುವೆ ಕೈಯಲ್ಲಿ ಮೊಬೈಲು. ಒಂದು ವರ್ಷದಿಂದ ಅವಳಿಗೆ ಸರಿಯಾದ ನಿದ್ರೆ ಇರಲಿಲ್ಲ. ಹಬ್ಬಕ್ಕೆ ಬಂದರೆ ಊಟದ ನಡುವೆ ಎದ್ದು ಹೋಗುವಳು. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಹೇಳಿ ನಿಲ್ಲಿಸುವಳು. ವೈದ್ಯರು ಎಲ್ಲ ಪರೀಕ್ಷೆಗಳನ್ನೂ ಮಾಡಿಸಿ, "ರೋಗವೇನೂ ಕಾಣುವುದಿಲ್ಲ, ವಿಶ್ರಾಂತಿ ಬೇಕು" ಎಂದರು. ರೋಗವಿಲ್ಲವೆಂದು ಸಂತೋಷಪಡಬೇಕೋ, ರೋಗವಿಲ್ಲದೆ ಹೀಗಾಗಿರುವುದಕ್ಕೆ ಹೆದರಬೇಕೋ ನಮಗೆ ತಿಳಿಯಲಿಲ್ಲ. ಮೂವತ್ತೆರಡು ವರ್ಷದ ಹುಡುಗಿ ಕನ್ನಡಿಯ ಮುಂದೆ ನಿಂತು, "ಅಪ್ಪಾಜಿ, ನಾನು ಯಾವಾಗ ನಕ್ಕೆ ಅಂತ ನೆನಪಾಗ್ತಿಲ್ಲ" ಎಂದಾಗ ಅವಳ ತಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ತೋಟ ಹೆಬ್ಬೆಯ ಹತ್ತಿರ ಇದೆ. ಬಂದವರಿಗೆ ಉಳಿಯಲು ಎರಡು ಕೊಠಡಿಗಳನ್ನು ಮಾಡಿಸಿದ್ದಾರೆ. ಮಗಳು ನಾಲ್ಕು ದಿನಗಳ ಕಾರ್ಯಕ್ರಮವೊಂದನ್ನು ಬರೆದುಕೊಂಡು ಬಂದಳು. ಮೊದಲನೆಯ ದಿನ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಎರಡನೆಯ ದಿನ ಸೂರ್ಯೋದಯಕ್ಕೆ ಮುಂಚೆ ಬೆಟ್ಟದ ತುದಿ, ಮಧ್ಯಾಹ್ನ ಹೆಬ್ಬೆ. ಮೂರನೆಯ ದಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ನಾಲ್ಕನೆಯ ದಿನ ಯೋಗ, ಧ್ಯಾನ, ಎಣ್ಣೆ ನೀವಿಸಿಕೊಳ್ಳುವುದು, ಊರಿಗೆ ಪ್ರಯಾಣ. ಗಂಟೆ ನಿಮಿಷಗಳೂ ನಮೂದಾಗಿದ್ದವು. ಅದನ್ನು ಓದಿಯೇ ನನಗೆ ಆಯಾಸವಾಯಿತು. ಅದು ಅವಳ ಕಚೇರಿಯ ಪಟ್ಟಿಯ ಹಾಗೆಯೇ ಇತ್ತು, ಹೆಸರುಗಳು ಮಾತ್ರ ಬೇರೆ. ನನ್ನ ಹೆಂಡತಿ ಕಾಗದವನ್ನು ಕೈಗೆ ತೆಗೆದುಕೊಂಡು, "ಇದರಲ್ಲಿ ಮಲಗೋದು ಯಾವ ದಿನ ಬರೆದಿದೀಯ?" ಎಂದು ಕೇಳಿದಳು. ಆಮೇಲೆ ಸ್ವಲ್ಪ ತಡೆದು, "ಅಲ್ಲಿ ಅಡುಗೆ ಯಾರು ಮಾಡೋದು?" ಎಂದಳು. ಆ ಎರಡು ಪ್ರಶ್ನೆಗಳ ಮೇಲೆ ನಮ್ಮ ಹೊಸ ಯೋಜನೆ ನಿಂತಿತು.

ಅಡುಗೆಯ ಪ್ರಶ್ನೆ ಬೇಗ ಇತ್ಯರ್ಥವಾಯಿತು. ತೋಟದ ಮನೆಯಲ್ಲಿ ಅವರ ಅಡುಗೆಯವರೇ ಮಾಡಿ ಬಡಿಸುತ್ತಾರೆ. ನನ್ನ ಹೆಂಡತಿ ಅಡುಗೆಮನೆಯ ಹೊಸಿಲು ದಾಟಕೂಡದೆಂದು ಮಗಳು ಕರಾರು ಹಾಕಿದಳು. ಕಾಲದ ವಿಷಯವನ್ನು ಹೆಚ್ಚು ಯೋಚಿಸಬೇಕಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ, ಇಂಬಳ, ಜಾರುವ ಹಾದಿ. ಜಲಪಾತವೇನೋ ತುಂಬಿರುತ್ತದೆ, ಹತ್ತಿರ ಹೋಗುವುದು ದುಸ್ತರ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಹಣ್ಣಿನ ಕುಯ್ಲು. ತೋಟದವರಿಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಪಲ್ಪರ್ ಯಂತ್ರದ ಸದ್ದು, ಕಣದ ತುಂಬ ಬೇಳೆ, ರೈಟರ ಕೈಯಲ್ಲಿ ಹಾಜರಿ ಪುಸ್ತಕ. ಆಗ ಹೋಗಿ ಅವರ ಮನೆಯಲ್ಲಿ ಕಾಲು ಚಾಚಿ ಕೂರುವುದು ಮರ್ಯಾದೆಯಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಹರಡುತ್ತದೆ. ಆದರೆ ಆ ಮಳೆ ಯಾವಾಗ ಎಂದು ಹೇಳಬಲ್ಲವರಿಲ್ಲ. ಹೀಗೆ ಎಲ್ಲವನ್ನೂ ಕೂಡಿ ಕಳೆದು ಫೆಬ್ರವರಿಯ ಕೊನೆಯ ವಾರವನ್ನು ಆರಿಸಿಕೊಂಡೆವು.

ಕಠಿಣವಾದದ್ದು ಮೊಬೈಲಿನ ಪ್ರಶ್ನೆ. ನಾಲ್ಕು ದಿನ ಅದನ್ನು ಮುಟ್ಟದಿರುವುದೆಂದು ಬಾಯಲ್ಲಿ ಹೇಳುವುದು ಸುಲಭ. ಇಂದು ಆ ಒಂದು ಯಂತ್ರದೊಳಗೆ ಎಷ್ಟು ವಸ್ತುಗಳು ಅಡಗಿವೆ ನೋಡಿ: ಗಡಿಯಾರ, ಬೆಳಗ್ಗೆ ಎಬ್ಬಿಸುವ ಗಂಟೆ, ಟಾರ್ಚು, ಕ್ಯಾಮೆರಾ, ನಕ್ಷೆ, ಹಣದ ಚೀಲ, ವಿಳಾಸದ ಪುಸ್ತಕ, ರೇಡಿಯೋ, ದಿನಪತ್ರಿಕೆ. ಅದನ್ನು ಬಿಡಬೇಕಾದರೆ ಇವೆಲ್ಲಕ್ಕೂ ಬದಲಿ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ, "ಟಾರ್ಚಿಗಾಗಿ ಮಾತ್ರ" ಎಂದು ಕೈಗೆ ಬಂದದ್ದು ಮತ್ತೆ ಕೈ ಬಿಡುವುದಿಲ್ಲ. ನಾವು ನನ್ನ ಹಳೆಯ ಕೈಗಡಿಯಾರ, ಎರಡು ಟಾರ್ಚು, ಬೇಕಾದ ದೂರವಾಣಿ ಸಂಖ್ಯೆಗಳನ್ನು ಬರೆದ ಒಂದು ಚೀಟಿ, ಚಿಲ್ಲರೆ ಸಹಿತ ನಗದು ಹಣ, ಮೂರು ಪುಸ್ತಕ, ಒಂದು ಚೌಕಾಬಾರದ ಹಾಸು ಇಷ್ಟನ್ನು ತೆಗೆದುಕೊಂಡೆವು. ನನ್ನ ರಕ್ತದೊತ್ತಡದ ಮಾತ್ರೆ ಆರು ದಿನಕ್ಕಾಗುವಷ್ಟು, ಅಂದರೆ ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಂಡೆ. ಬೆಟ್ಟದ ಹಾದಿಯಲ್ಲಿ ಎರಡು ದಿನದ ಅಂತರ ದೊಡ್ಡದಲ್ಲ.

ಇದಕ್ಕಿಂತ ಗಂಭೀರವಾದ ಒಂದು ವಿಷಯವಿತ್ತು. ನನ್ನ ಅತ್ತೆಯವರಿಗೆ ಎಂಬತ್ತೇಳು ವರ್ಷ. ಬೀರೂರಿನಲ್ಲಿ ಮೈದುನನ ಮನೆಯಲ್ಲಿದ್ದಾರೆ. ಹೃದಯ ದುರ್ಬಲವಾಗಿದೆ. ಹೆಂಡತಿ ದಿನಕ್ಕೆ ಎರಡು ಬಾರಿ ಫೋನಿನಲ್ಲಿ ಅವರ ದನಿ ಕೇಳದೆ ಇರಲಾರಳು. ಫೋನು ಬೇಡವೆನ್ನುವ ವಿಶ್ರಾಂತಿ ಅವಳ ಪಾಲಿಗೆ ವಿಶ್ರಾಂತಿಯಾಗುವುದು ಹೇಗೆ? ತೋಟದ ಆಫೀಸಿನಲ್ಲಿ ತಂತಿಯ ಫೋನೊಂದಿದೆ. ಅದರ ಸಂಖ್ಯೆಯನ್ನು ಮೈದುನನಿಗೆ ಮಾತ್ರ ಕೊಟ್ಟು, ನಿಜವಾಗಿ ಬೇಕಾದರೆ ಮಾತ್ರ ಕರೆಯುವುದೆಂದೂ, ಸಂಜೆ ಆರಕ್ಕೆ ನಾವೇ ಒಮ್ಮೆ ಅಲ್ಲಿಂದ ಮಾತಾಡುವುದೆಂದೂ ಗೊತ್ತುಮಾಡಿಕೊಂಡೆವು. ತರೀಕೆರೆಯ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ, ರಾತ್ರಿ ಜೀಪು ಯಾರದು ಎಂಬುದನ್ನು ಯಜಮಾನರಿಂದ ಕೇಳಿ ತಿಳಿದುಕೊಂಡೆವು. ಈ ವಿಚಾರಣೆಗಳು ಅಪಶಕುನವೆಂದು ಕೆಲವರಿಗೆ ತೋರಬಹುದು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಭಯವನ್ನು ಕಟ್ಟಿಹಾಕಿಕೊಂಡು ಹೋದವರಿಗೆ ಎಂಥ ಬೆಟ್ಟವೂ ನೆಮ್ಮದಿ ಕೊಡದು. ಕೇಳಿ ತಿಳಿದುಕೊಂಡದ್ದರಿಂದ ಭಯಕ್ಕೆ ಒಂದು ಗಡಿ ಬಿದ್ದಿತು.

ಮಗಳ ಕಚೇರಿಯ ಮಾತು ಇನ್ನೂ ಉಳಿದಿತ್ತು. ರಜೆ ಮಂಜೂರಾಗಿತ್ತು, ಆದರೆ "ತುರ್ತು ಬಂದರೆ ಸಿಗುತ್ತೀರಲ್ಲ?" ಎಂಬ ಒಂದು ಸಾಲೂ ಅದರೊಂದಿಗೆ ಬಂದಿತ್ತು. ಫ್ರಾನ್ಸ್ ದೇಶದಲ್ಲಿ 2017ರ ಜನವರಿಯಿಂದ, 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆ ಮುಗಿದ ಮೇಲೆ ನೌಕರರು ಸಂಪರ್ಕದಿಂದ ದೂರವಿರುವ ಹಕ್ಕನ್ನು ಕುರಿತು ಅವರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನು ಬಂದಿದೆ. ನಮ್ಮ ಹುಡುಗಿ ಆ ಕಾನೂನಿಗೆ ಕಾಯಲಿಲ್ಲ. ಒಂದು ವಾರ ಮೊದಲೇ ತನ್ನ ಕೆಲಸವನ್ನು ಜೊತೆಯವಳಿಗೆ ವಿವರಿಸಿ ಒಪ್ಪಿಸಿ, "ನಾನಿರುವ ಕಡೆ ಫೋನು ಸಿಗುವುದಿಲ್ಲ" ಎಂದು ಬರೆದು ಕಳುಹಿಸಿದಳು. ಅದು ಸುಳ್ಳೂ ಅಲ್ಲ. ಹೆಬ್ಬೆಯ ಕಣಿವೆಯಲ್ಲಿ ಎಷ್ಟೋ ಕಡೆ ಮೊಬೈಲು ಸುಮ್ಮನೆ ಬೆಳಗುತ್ತದೆ, ಮಾತಾಡುವುದಿಲ್ಲ.

ತೋಟ ಸೇರಿದ ದಿನ ಮೂರು ಮೊಬೈಲುಗಳನ್ನೂ ಆರಿಸಿ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗದ ಕೈಯನ್ನು ಯಜಮಾನರ ತಾಯಿಯ ಕೈಗೆ ಕೊಟ್ಟೆವು. ಅವರು ನಕ್ಕು ಸೆರಗಿಗೆ ಕಟ್ಟಿಕೊಂಡರು. ಮೊದಲ ದಿನ ವಿಶ್ರಾಂತಿಯಂತೂ ಆಗಲಿಲ್ಲ. ಮಗಳ ಕೈ ತನಗೆ ತಾನೇ ದಿಂಬಿನ ಕೆಳಗೆ ಹೋಗಿ ತಡಕುತ್ತಿತ್ತು. ಕುಳಿತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. "ಏನೋ ಮರೆತು ಬಂದ ಹಾಗಿದೆ" ಎಂದು ನಾಲ್ಕು ಸಲ ಹೇಳಿದಳು. ನನ್ನ ಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಎಂಟು ಗಂಟೆಗೆ ವಾರ್ತೆ ನೋಡದೆ ನನಗೆ ಊಟ ರುಚಿಸುವುದಿಲ್ಲ. ಆ ದಿನ ಲೋಕದಲ್ಲಿ ಏನಾಯಿತೋ ಎಂಬ ಚಿಂತೆಯಲ್ಲಿ ಅಕ್ಕಿರೊಟ್ಟಿ ತಿಂದೆ. ನಿಜವಾಗಿ ಹಾಯಾಗಿದ್ದವಳು ನನ್ನ ಹೆಂಡತಿ ಒಬ್ಬಳೇ. ಜಗಲಿಯ ಕಂಬಕ್ಕೆ ಒರಗಿ, ಯಾರೋ ಬಡಿಸಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿ ಆರುವುದರೊಳಗೆ ಊಟ ಮಾಡಿದಳು. ಮನೆಯಲ್ಲಿ ಅವಳು ಬಿಸಿಯಾಗಿ ಉಂಡದ್ದನ್ನು ನಾನು ಕಂಡ ದಿನಗಳು ಕಡಿಮೆ.

ಎರಡನೆಯ ದಿನ ಮಗಳು ಮಧ್ಯಾಹ್ನದ ಊಟ ಮುಗಿಸಿ ಮಲಗಿದವಳು ಮರುದಿನ ಬೆಳಗ್ಗೆ ಎದ್ದಳು. ನಡುವೆ ಅವಳ ತಾಯಿ ಎರಡು ಬಾರಿ ಹೋಗಿ ಮೂಗಿನ ಬಳಿ ಕೈಯಿಟ್ಟು ನೋಡಿ ಬಂದಳು. ಇದರಲ್ಲಿ ಮಂತ್ರವೇನೂ ಇಲ್ಲ. ರಾತ್ರಿ ಕಣ್ಣಿಗೆ ಬೀಳುವ ಪ್ರಖರವಾದ ಬೆಳಕು, ಅದರಲ್ಲಿಯೂ ನೀಲಿ ಅಂಶ ಹೆಚ್ಚಿರುವ ಬೆಳಕು, ದೇಹದಲ್ಲಿ ನಿದ್ರೆಗೆ ಸಿದ್ಧತೆ ಮಾಡುವ ಮೆಲಟೋನಿನ್ ಎಂಬ ರಸವನ್ನು ತಡೆಯುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ತೋಟದಲ್ಲಿ ಏಳು ಗಂಟೆಗೆ ಕತ್ತಲೆಯೆಂದರೆ ನಿಜವಾದ ಕತ್ತಲೆ. ಬೆಳಗ್ಗೆ ಕುಟ್ರುಹಕ್ಕಿ ಒಂದೇ ಸಮನೆ ಕೂಗಿ ಎಬ್ಬಿಸುತ್ತದೆ. ಹಂಡೆಯಲ್ಲಿ ಕಾದ ನೀರು, ಬಚ್ಚಲ ಒಲೆಯ ಹೊಗೆಯ ವಾಸನೆ, ಅಂಗಳದಲ್ಲಿ ಒಣಗಲು ಹರಡಿದ ಮೆಣಸು. ಶರೀರ ತನ್ನ ಹಳೆಯ ಗಡಿಯಾರವನ್ನು ಎರಡೇ ದಿನಗಳಲ್ಲಿ ಹುಡುಕಿಕೊಳ್ಳತೊಡಗಿತು.

ಹೆಬ್ಬೆಗೆ ನಾವು ಹೋದದ್ದು ಮೂರನೆಯ ದಿನ. ಜೀಪು ಕುಲುಕಾಡಿಸಿ ಇಳಿಸಿದ ಮೇಲೆ ನಡಿಗೆ, ಹಳ್ಳ ದಾಟುವುದು. ಫೆಬ್ರವರಿಯಾದ್ದರಿಂದ ನೀರು ಬಂಡೆಯನ್ನು ತುಂಬಿ ಬೀಳುತ್ತಿರಲಿಲ್ಲ. ಬಿಳಿಯ ಎಳೆಗಳಾಗಿ ಬೀಳುತ್ತಿತ್ತು. ಅಲ್ಲಿದ್ದ ಇಪ್ಪತ್ತು ಇಪ್ಪತ್ತೈದು ಜನರಲ್ಲಿ ಹೆಚ್ಚಿನವರು ಜಲಪಾತಕ್ಕೆ ಬೆನ್ನು ಮಾಡಿ ನಿಂತಿದ್ದರು. ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳಬೇಕಾದರೆ ಹಾಗೆಯೇ ನಿಲ್ಲಬೇಕಷ್ಟೆ. ನಾನು ಅವರನ್ನು ಹಳಿಯಲಾರೆ. ದೂರದಿಂದ ಬಂದವರು, ಒಂದು ನೆನಪು ಬೇಕು. ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲವಾಗಿ ಮಾಡಲು ಬೇರೆ ಕೆಲಸವಿಲ್ಲದೆ ನೀರನ್ನೇ ನೋಡುತ್ತ ಕುಳಿತೆವು. ಅರ್ಧ ಗಂಟೆ ನೋಡಿದ ಮೇಲೆ ಕಾಣುವುದು ಮೊದಲ ಐದು ನಿಮಿಷದಲ್ಲಿ ಕಾಣುವುದಿಲ್ಲ. ಮೇಲಿನಿಂದ ಹೊರಟ ಎಳೆ ನಡುದಾರಿಯಲ್ಲಿ ಗಾಳಿಗೆ ಪುಡಿಯಾಗಿ, ಕೆಳಗಿನ ಬಂಡೆಯಲ್ಲಿ ಮತ್ತೆ ನೀರಾಗುವುದನ್ನು ಮಗಳು ತೋರಿಸಿದಳು.

ಈ ಕಾಡು ಭದ್ರಾ ಅಭಯಾರಣ್ಯದ ಸೆರಗು. 1998ರಲ್ಲಿ ಅಭಯಾರಣ್ಯ ಹುಲಿ ಯೋಜನೆಗೆ ಸೇರಿತು. ಅದರೊಳಗಿದ್ದ ಹಳ್ಳಿಗಳವರು 2002ರ ಸುಮಾರಿಗೆ ಮನೆ, ಗದ್ದೆ, ದೇವರ ಗುಡಿಗಳನ್ನು ಬಿಟ್ಟು ಹೊರಗೆ ಬಂದು ನೆಲೆಸಿದರು. ನಮಗೆ ನಾಲ್ಕು ದಿನದ ಮೌನ ಒದಗಿಸುವ ಕಣಿವೆಯ ಹಿಂದೆ ಅಂಥ ಬಿಡುಗಡೆಗಳೂ ಬಿಟ್ಟು ಬಂದ ನೋವುಗಳೂ ಇವೆ. ಅಲ್ಲಿಗೆ ಹೋಗಿ ಪ್ಲಾಸ್ಟಿಕ್ ಬಾಟಲಿಯನ್ನು ಎಸೆದು ಬರುವವರಿಗೆ, ಧ್ವನಿವರ್ಧಕ ಹಾಕಿ ಕುಣಿಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಅಂದು ಸಂಜೆ ನಡೆದ ಒಂದು ಮಾತನ್ನು ಹೇಳದೆ ಈ ಭಾಷಣ ಪೂರ್ಣವಾಗದು. ತೋಟದಲ್ಲಿ ಮೆಣಸಿನ ಕುಯ್ಲು ನಡೆದಿತ್ತು. ಗಂಡಾಳುಗಳು ಮರಕ್ಕೆ ಏಣಿ ಒರಗಿಸಿ ಮೇಲಿನ ಗೊಂಚಲು ಕುಯ್ಯುವರು. ಹೆಣ್ಣಾಳುಗಳು ಕೆಳಗೆ ಬಿದ್ದದ್ದನ್ನು ಹೆಕ್ಕುವರು. ಕೆಲಸ ಮುಗಿಸಿ ಲೈನ್ ಮನೆಯ ಕಡೆ ಹೊರಟಿದ್ದ ಹೆಂಗಸೊಬ್ಬಳು ಮಗಳನ್ನು ಕಂಡು ನಿಂತು, "ನಿಮ್ಮ ಫೋನಿಗೆ ಏನಾಗಿದೆ ಅಕ್ಕಾ? ಪೆಟ್ಟಿಗೇಲಿ ಬೀಗ ಹಾಕಿದ್ದೀರಂತೆ" ಎಂದು ಕೇಳಿದಳು. "ಏನೂ ಆಗಿಲ್ಲ, ನೆಮ್ಮದಿಗೆ" ಎಂದಳು ಮಗಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ದಿನಾ ಇದೇ ಹೊತ್ತಿಗೆ ಆ ಬಂಡೆ ಹತ್ತುತೀನಿ. ಅಲ್ಲಿ ಒಂದು ಕಡೆ ಮಾತ್ರ ಸಿಗುತ್ತೆ. ಮಗ ತರೀಕೆರೆ ಹಾಸ್ಟೆಲಿನಲ್ಲಿದಾನೆ. ಅವನ ಮುಖ ಕಂಡರೆ ನಂಗೆ ನೆಮ್ಮದಿ" ಎಂದು ಹೇಳಿ ಗುಡ್ಡದ ಕಡೆ ನಡೆದಳು.

ಮಗಳು ಆ ರಾತ್ರಿ ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದಳು. ಮೊಬೈಲನ್ನು ಟ್ರಂಕಿಗೆ ಹಾಕಿ ಬೀಗವಿಡುವುದು ನಮಗೆ ಭಾಗ್ಯ. ದಿನವೆಲ್ಲ ಬಗ್ಗಿ ಮೆಣಸು ಹೆಕ್ಕಿದ ತಾಯಿಗೆ ಅದೇ ಯಂತ್ರದಲ್ಲಿ ಹತ್ತು ನಿಮಿಷದ ಬಿಡುವು. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆ ವಾರಕ್ಕೊಂದು ದಿನದ ವಿಶ್ರಾಂತಿಯ ಮಾತನ್ನು ಕಾಗದದ ಮೇಲೆ ತಂದಿತು. ಆದರೆ ಆ ಒಂದು ದಿನ ಲೈನ್ ಮನೆಯ ಹೆಂಗಸಿಗೆ ಸೌದೆ ತರುವ, ಬಟ್ಟೆ ಒಗೆಯುವ, ಸಂತೆಗೆ ಹೋಗುವ ದಿನ. "ಅಪ್ಪಾಜಿ, ತಪ್ಪು ಫೋನಿನದ್ದಲ್ಲ ಅನ್ಸುತ್ತೆ. ಅವಳು ಬಂಡೆ ಹತ್ತೋದು ಒಬ್ಬರಿಗಾಗಿ. ನಂದು ಯಾರಿಗಾಗಿ ಅಂತಾನೇ ಗೊತ್ತಿಲ್ಲ" ಎಂದಳು ಮಗಳು. ಅದಕ್ಕೆ ನಾನು ಉತ್ತರ ಹೇಳಲಿಲ್ಲ. ಅವಳು ಉತ್ತರವನ್ನು ಕೇಳಿಯೂ ಇರಲಿಲ್ಲ.

ನಾವು ಹಿಂದಿರುಗಿ ಕೆಲವು ತಿಂಗಳುಗಳಾದವು. ನಾಲ್ಕು ದಿನಗಳಿಂದ ಬದುಕು ಬದಲಾಯಿತೆಂದು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂ ಬಾರದು. ಮಗಳ ಕೆಲಸ ಅದೇ ಇದೆ. ರಾತ್ರಿ ಪಾಳಿಯನ್ನು ತಿಂಗಳಿಗೆ ಎರಡು ವಾರಕ್ಕೆ ಇಳಿಸಬೇಕೆಂದು ಕೇಳಿ ಒಪ್ಪಿಸಿಕೊಂಡಿದ್ದಾಳೆ, ಅದರಿಂದ ಸಂಬಳದಲ್ಲಿ ಸ್ವಲ್ಪ ಕಡಿಮೆಯಾಗಿದೆ. ನಿದ್ರೆ ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಮಲಗುವ ಕೋಣೆಯೊಳಗೆ ಮೊಬೈಲು ಹೋಗುವುದಿಲ್ಲ. ಪ್ರತಿದಿನ ಸಂಜೆ ಆರಕ್ಕೆ ನಮಗೆ ಫೋನು ಮಾಡುತ್ತಾಳೆ. ಹತ್ತು ನಿಮಿಷ, ಬೇರೆ ಏನನ್ನೂ ಮಾಡದೆ, ಮಾತ್ರ ಮಾತಾಡುತ್ತಾಳೆ. ಆ ಹೊತ್ತನ್ನು ಅವಳು ಎಲ್ಲಿಂದ ಆರಿಸಿಕೊಂಡಳೆಂದು ನಮಗೆ ಗೊತ್ತು. ನಮ್ಮ ಮನೆಯಲ್ಲಿ ಸೋಮವಾರ ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂದಿದೆ. ಅನ್ನ, ತಿಳಿಸಾರು, ಹಪ್ಪಳ. ನನ್ನ ಹೆಂಡತಿ ಕಂಬಕ್ಕೆ ಒರಗಿ ಕುಳಿತು, ಬಿಸಿಬಿಸಿಯಾಗಿ ಉಣ್ಣುತ್ತಾಳೆ. ಉಪ್ಪು ಹೆಚ್ಚೋ ಕಡಿಮೆಯೋ ಹೇಳುವುದಿಲ್ಲ.

ಬೆಟ್ಟಕ್ಕೆ, ತೋಟಕ್ಕೆ ಹೋಗಬೇಕೆಂದಿರುವವರು ಹೋಗಿ ಬನ್ನಿ. ಹೋಗುವ ಮುನ್ನ ನೋಡಬೇಕಾದ ಸ್ಥಳಗಳ ಪಟ್ಟಿಯ ಜೊತೆಗೆ ಬಿಡಬೇಕಾದ ವಸ್ತುಗಳ ಪಟ್ಟಿಯೊಂದನ್ನೂ ಬರೆಯಿರಿ. ನಿಮ್ಮ ಗುಂಪಿನಲ್ಲಿ ಯಾರು ಅಡುಗೆ ಮಾಡುವವರು ಎಂಬುದನ್ನು ಮೊದಲೇ ಕೇಳಿಕೊಳ್ಳಿ. ನೀವು ಉಳಿಯುವ ಜಾಗದಲ್ಲಿ ದುಡಿಯುವವರ ಕುಯ್ಲಿನ ಕಾಲವನ್ನು ವಿಚಾರಿಸಿ. ಹೋಗಲು ಅನುಕೂಲವಿಲ್ಲದವರು ವಾರದಲ್ಲೊಂದು ದಿನವನ್ನು, ಕನಿಷ್ಠ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಎತ್ತಿನ ಸೋಮವಾರದ ಹಾಗೆ ಅದನ್ನು ಎಂಥ ಅವಸರಕ್ಕೂ ಮುರಿಯದಿರಿ. ಅದಕ್ಕೆ ಜೀಪು ಬೇಡ, ಯಾರ ಮಂಜೂರಾತಿಯೂ ಬೇಡ.